ಹಳೇ ಸಿಸ್ಟಮ್ ಸ್ಲೋ ಆಗಿದ್ಯಾ? ಫಾರ್ಮ್ಯಾಟ್ ಹೊಡೆಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಸಿಸ್ಟಮ್ ಸ್ಲೋ ಆಗಿದೆ ಅಂತ ಯಾರ ಹತ್ರ ಹೇಳ್ಕೊಂಡ್ರೂ ಸಿಗೋ ಸಲಹೆ ಎರಡೇ. ಒಂದು, ಫಾರ್ಮ್ಯಾಟ್ ಹೊಡೆಸಿ. ಇನ್ನೊಂದು, ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ. ಫಾರ್ಮ್ಯಾಟ್ ಹೊಡೆಸಿದ್ರೆ ಒಂದು ವಾರ ಹದಿನೈದು ದಿನ ಚೆನ್ನಾಗೇ ಓಡುತ್ತೆ, ಆಮೇಲೆ ಕ್ರೋಮು, ಆಂಟಿವೈರಸ್ಸು, ಪ್ರಿಂಟರ್ ಸಾಫ್ಟ್‌ವೇರು, ವಿಂಡೋಸ್ ಅಪ್‌ಡೇಟು ಎಲ್ಲಾ ಒಂದೊಂದಾಗಿ ವಾಪಸ್ ಬಂದು ಕೂತ ಮೇಲೆ ಮತ್ತೆ ಅದೇ ಹಾಡು, ಮಧ್ಯದಲ್ಲಿ ಡೆಸ್ಕ್‌ಟಾಪ್ ಮೇಲೆ ಇಟ್ಕೊಂಡಿದ್ದ ಮಾರ್ಕ್ಸ್ ಕಾರ್ಡ್ ಸ್ಕ್ಯಾನೋ ಟ್ಯಾಲಿ ಡೇಟಾನೋ ಹೋಗಿರುತ್ತೆ, ಅದು ಬೇರೆ ನಷ್ಟ. ಯಾಕೆ ಹೀಗಾಗುತ್ತೆ ಅಂದ್ರೆ ಯಾವ ಪಾರ್ಟ್‌ನಿಂದ ಸ್ಲೋ ಆಗ್ತಿದೆ ಅಂತ ಯಾರೂ ನೋಡಿರಲ್ಲ. ಕಂಪ್ಯೂಟರ್ ಸ್ಲೋ ಅಂದ್ರೆ ಒಳಗೆ ಯಾವುದೋ ಒಂದು ಪಾರ್ಟು ಮಿಕ್ಕಿದ್ದೆಲ್ಲವನ್ನೂ ಕಾಯಿಸ್ತಾ ಇದೆ ಅಂತ ಅಷ್ಟೇ. ಆ ಒಂದನ್ನ ಹಿಡಿದ್ರೆ ಖರ್ಚೂ ಕಮ್ಮಿ, ತಲೆನೋವೂ ಕಮ್ಮಿ.

ಇಲ್ಲಿ ಹೇಳೋದು 2011ರಿಂದ 2015ರ ಆಸುಪಾಸಿನಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳ ಬಗ್ಗೆ. ಇಂಟೆಲ್ ಎಚ್61 ಚಿಪ್‌ಸೆಟ್ ಬೋರ್ಡು, ಎರಡನೇ ಇಲ್ಲಾ ಮೂರನೇ ಜನರೇಶನ್ ಐ3, 4 ಜಿಬಿ ಡಿಡಿಆರ್3 ರ‍್ಯಾಮು, 500 ಜಿಬಿ ಹಾರ್ಡ್ ಡಿಸ್ಕು. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಮಾರ್ಕೆಟ್ಟಿನಲ್ಲಿ ಒಂದು ಕಾಲಕ್ಕೆ ರಾಶಿ ರಾಶಿ ಹೊರಟಿದ್ದು ಇದೇ ಕಾಂಬಿನೇಶನ್ನು, ಇವತ್ತಿಗೂ ಜೆರಾಕ್ಸ್ ಅಂಗಡಿ, ಆಡಿಟರ್ ಆಫೀಸು, ಹಾಲಿನ ಸೊಸೈಟಿ, ಮನೆ ಹಾಲ್ ಮೂಲೆ ಎಲ್ಲಾ ಕಡೆ ಉಸಿರಾಡ್ತಾ ಇದೆ. ವಿಂಡೋಸ್ 7 ಜೊತೆ ಬಂದಿದ್ದು, ಮಧ್ಯದಲ್ಲಿ ಯಾರೋ 10 ಹಾಕಿಕೊಟ್ಟಿರ್ತಾರೆ, ಅಲ್ಲಿಂದ ಶುರು ತೊಂದರೆ.

ಮೊದಲು ಒಂದು ಸಣ್ಣ ಅನುಮಾನ ಕ್ಲಿಯರ್ ಮಾಡ್ಕೊಳ್ಳಿ, ಸ್ಲೋ ಇರೋದು ಸಿಸ್ಟಮ್ಮಾ ನೆಟ್ಟಾ? ನೆಟ್ ಕೇಬಲ್ ಕಿತ್ತು ಅಥವಾ ವೈಫೈ ಆಫ್ ಮಾಡಿ ಒಂದು ಎಕ್ಸೆಲ್ ಫೈಲ್ ಓಪನ್ ಮಾಡಿ, ಫೋಲ್ಡರ್‌ಗಳಲ್ಲಿ ಓಡಾಡಿ. ಅದು ಸಲೀಸಾಗಿದ್ದು ಬ್ರೌಸರ್ ಮಾತ್ರ ಸುತ್ತುತ್ತಾ ಇದ್ರೆ ನೀವು ನೋಡ್ಬೇಕಾಗಿರೋದು ಕ್ಯಾಬಿನೆಟ್ ಹಿಂದೆ ಕಬ್ಬಿಣಕ್ಕೆ ಅಂಟಿಕೊಂಡಂಗೆ ಸಿಕ್ಕಿಸಿರೋ ಆ ಪುಟಾಣಿ ವೈಫೈ ಡಾಂಗಲ್ ಕಡೆ. ಅದನ್ನ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಮೇಜಿನ ಮೇಲೆ ತಂದ್ರೇನೇ ಎಷ್ಟೋ ಸುಧಾರಿಸುತ್ತೆ, ಲ್ಯಾನ್ ಕೇಬಲ್ ಎಳೆಯೋಕೆ ಆದ್ರೆ ಇನ್ನೂ ಒಳ್ಳೇದು.

ಸಿಸ್ಟಮ್ಮೇ ಸ್ಲೋ ಅಂತಾದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ. ಚಿಕ್ಕ ಕಿಟಕಿ ಬಂದ್ರೆ ಕೆಳಗೆ ಮೋರ್ ಡಿಟೇಲ್ಸ್ ಒತ್ತಿ, ಮೇಲೆ ಪರ್ಫಾರ್ಮೆನ್ಸ್ ಅನ್ನೋ ಟ್ಯಾಬಿಗೆ ಹೋಗಿ. ಅಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದ್ರೆ ಕೆಳಗೆ ಅಪ್ ಟೈಮ್ ಅಂತ ಒಂದಿರುತ್ತೆ, ನೋಡಿ. ದಿನಾ ರಾತ್ರಿ ಶಟ್‌ಡೌನ್ ಮಾಡೋರ ಸಿಸ್ಟಮ್ಮಲ್ಲೂ ಅದು ಹತ್ತೋ ಇಪ್ಪತ್ತೋ ದಿನ ಅಂತ ತೋರಿಸ್ತಿರುತ್ತೆ! ಸುಳ್ಳಲ್ಲ ಅದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದಿದೆ, ಶಟ್‌ಡೌನ್ ಕೊಟ್ರೆ ನಿಮ್ಮ ಪ್ರೋಗ್ರಾಂಗಳನ್ನ ಮುಚ್ಚುತ್ತೆ, ಆದ್ರೆ ವಿಂಡೋಸಿನ ತಿರುಳನ್ನ ಹಾಗೇ ಡಿಸ್ಕಿಗೆ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತೆ. ಹಾಗಾಗಿ ಹಿಂದಿನ ವಾರ ಕೆಟ್ಟು ಕೂತ ಡ್ರೈವರ್ ಈ ವಾರಾನೂ ಕೆಟ್ಟೇ ಇರುತ್ತೆ. ರೀಸ್ಟಾರ್ಟ್ ಕೊಟ್ರೆ ಮಾತ್ರ ಪೂರ್ತಿ ಹೊಸದಾಗಿ ಶುರುವಾಗೋದು. ಆದ್ದರಿಂದ ಮೊದಲು ಒಂದು ರೀಸ್ಟಾರ್ಟ್ ಕೊಡಿ, ಹತ್ತು ನಿಮಿಷ ಅದರ ಪಾಡಿಗೆ ಬಿಡಿ, ಆಮೇಲೆ ದಿನಾ ಮಾಡೋ ಕೆಲಸನೇ ಮಾಡ್ತಾ ಸಿಪಿಯು, ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ ನೋಡಿ.

ನೂರಕ್ಕೆ ತೊಂಬತ್ತು ಕಡೆ ಡಿಸ್ಕೇ ಅನ್ನೋದು ನನ್ನ ಅಂದಾಜು. ಡಿಸ್ಕ್ 100 ಪರ್ಸೆಂಟ್ ಅಂತ ಇರುತ್ತೆ, ಆದ್ರೆ ಕೆಳಗೆ ಸ್ಪೀಡ್ ನೋಡಿದ್ರೆ ಸೆಕೆಂಡಿಗೆ ಬರೀ ಅರ್ಧ ಎಂಬಿ, ಒಂದು ಎಂಬಿ. ಪೆನ್‌ಡ್ರೈವಿಗೆ ಸಿನಿಮಾ ಕಾಪಿ ಮಾಡುವಾಗ ಇದೇ ಡಿಸ್ಕು ಸೆಕೆಂಡಿಗೆ ನೂರು ಎಂಬಿ ಓದೋ ಶಕ್ತಿ ಇರೋದು, ಈಗ ಒಂದು ಎಂಬಿಗೇ ಸುಸ್ತಾಗಿ 100 ಪರ್ಸೆಂಟ್ ಅಂತಿದೆಯಲ್ಲ, ಏನಿದು ಅಂತ ಎಲ್ರಿಗೂ ಗೊಂದಲ ಆಗುತ್ತೆ. ಇದು ಅರ್ಥ ಆದ್ರೆ ಹಳೇ ಕಂಪ್ಯೂಟರ್ ಸ್ಲೋ ಆಗೋ ಗುಟ್ಟೇ ಅರ್ಥ ಆದಂಗೆ, ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ.

ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ತಿರುಗೋ ತಟ್ಟೆ ಇದೆ, ನಿಮಿಷಕ್ಕೆ 7200 ಸುತ್ತು. ಅಂದ್ರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಡೇಟಾ ತಟ್ಟೆಯ ಯಾವ ಕಡೆ ಇದೆಯೋ ಗೊತ್ತಿಲ್ಲ, ಸರಾಸರಿ ಅರ್ಧ ಸುತ್ತು ಕಾಯ್ಬೇಕು, ಅಲ್ಲಿಗೆ 4 ಮಿಲಿಸೆಕೆಂಡು. ಅದಕ್ಕೂ ಮುಂಚೆ ಓದೋ ಹೆಡ್ಡು ಸರಿಯಾದ ಟ್ರ್ಯಾಕಿಗೆ ಸರೀಬೇಕು, ಅದಕ್ಕೆ 8–9 ಮಿಲಿಸೆಕೆಂಡು. ಒಟ್ಟು 12–13 ಆಯ್ತು. ಒಂದು ಸೆಕೆಂಡಿನಲ್ಲಿ ಇಂಥ ಓಡಾಟ 80ರ ಹತ್ರ ಮಾಡಬಹುದು ಅಷ್ಟೇ. ವಿಂಡೋಸ್ ಕೇಳೋದು ಬಹಳ ಸಲ 4 ಕೆಬಿ ಚೂರುಗಳನ್ನ, ಒಂದು ಇಲ್ಲಿ ಒಂದು ಅಲ್ಲಿ. 80 ಸಲ 4 ಕೆಬಿ ಅಂದ್ರೆ 320 ಕೆಬಿ. ಡಿಸ್ಕು ಒಂದು ಕ್ಷಣಾನೂ ಸುಮ್ನೆ ಕೂತಿಲ್ಲ, 100 ಪರ್ಸೆಂಟ್ ದುಡಿದಿದೆ, ಆದ್ರೆ ಕೈಗೆ ಬಂದಿದ್ದು ಅರ್ಧ ಎಂಬಿನೂ ಇಲ್ಲ. ಒಬ್ಬನೇ ಇರೋ ಕಿರಾಣಿ ಅಂಗಡಿಗೆ ಹೋಗಿ ಒಂದು ಮೂಟೆ ಅಕ್ಕಿ ಕೇಳಿದ್ರೆ ಒಂದೇ ಸಲಕ್ಕೆ ಎಳ್ಕೊಂಡು ಬರ್ತಾನೆ, ಅದೇ ನೂರು ಗ್ರಾಂ ಜೀರಿಗೆ, ಐವತ್ತು ಗ್ರಾಂ ಮೆಂತ್ಯ ಅಂತ ನಲವತ್ತು ಐಟಂ ಚೀಟಿ ಕೊಟ್ರೆ ಪ್ರತಿಯೊಂದಕ್ಕೂ ಗೋಡೌನಿಗೆ ಹೋಗಿ ಬರ್ಬೇಕು. ತೂಕ ನೋಡಿದ್ರೆ ನಾಲ್ಕು ಕೆಜಿ ದಾಟಲ್ಲ, ಮನುಷ್ಯ ಮಾತ್ರ ಬೆವರಿ ಹೋಗಿರ್ತಾನೆ. ವಿಂಡೋಸ್ 10 ಆನ್ ಆದ ತಕ್ಷಣ ಅಪ್‌ಡೇಟ್ ಚೆಕ್ಕು, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಸ್ಕ್ಯಾನು, ಸರ್ಚ್ ಇಂಡೆಕ್ಸು, ಸ್ಟಾರ್ಟಪ್ ಪ್ರೋಗ್ರಾಂಗಳು ಎಲ್ಲಾ ಒಟ್ಟಿಗೆ ಇಂಥ ಚೀಟಿ ಹಿಡ್ಕೊಂಡು ನಿಂತಿರ್ತಾವೆ, ನೀವು ಕ್ಲಿಕ್ ಮಾಡಿದ ವರ್ಡ್ ಫೈಲ್ ಆ ಕ್ಯೂನಲ್ಲಿ ಕೊನೇಲಿ.

ಹಾರ್ಡ್ ಡಿಸ್ಕಿನ ಬದಲು ಹಾಕೋ ಎಸ್‌ಎಸ್‌ಡಿಯಲ್ಲಿ ಡೇಟಾ ಇರೋದು ಚಿಪ್ಪುಗಳಲ್ಲಿ, ತಿರುಗೋದೇನೂ ಇಲ್ಲ, ಹೆಡ್ಡೂ ಇಲ್ಲ. ಇದೇ 4 ಕೆಬಿ ಚೂರಿಗೆ ಅದಕ್ಕೆ ಬೇಕಾಗೋದು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯ, ಅಂದ್ರೆ ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಹಾಗಾಗಿನೇ ಹಳೇ ಡೆಸ್ಕ್‌ಟಾಪಿಗೆ ಏನಾದ್ರೂ ಒಂದೇ ಒಂದು ಹಾಕಿಸಬಹುದು ಅಂದ್ರೆ ಯೋಚನೆ ಮಾಡ್ದೆ ಎಸ್‌ಎಸ್‌ಡಿ ಅನ್ನೋದು. ಇಲ್ಲೊಂದು ಅಪಪ್ರಚಾರ ಇದೆ, ನಿಮ್ಮ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸೋಕೆ ಇರೋದು ಹಳೇ ಸಾಟಾ 2 ಕನೆಕ್ಷನ್ನು, ಎಸ್‌ಎಸ್‌ಡಿ ಹಾಕಿದ್ರೆ ವೇಸ್ಟು ಅಂತ. ಎಚ್61 ಚಿಪ್‌ಸೆಟ್ಟಿನಲ್ಲಿ ಸಾಟಾ 2 ಮಾತ್ರ ಇರೋದು ನಿಜ, 550 ಎಂಬಿ ಓದೋ ಎಸ್‌ಎಸ್‌ಡಿ ಅಲ್ಲಿ 270ರ ಆಸುಪಾಸಿಗೆ ನಿಲ್ಲುತ್ತೆ, ಅದೂ ನಿಜ. ಆದ್ರೆ ಆ 550 ಬರೋದು ದೊಡ್ಡ ಫೈಲ್ ಕಾಪಿ ಮಾಡುವಾಗ. ದಿನನಿತ್ಯದ ಕೆಲಸದಲ್ಲಿ ನಮ್ಮನ್ನ ಕಾಯಿಸ್ತಿದ್ದಿದ್ದು ಚೂರು ಚೂರು ಓದೋದು, ಅದು ಸಾಟಾ 2ರಲ್ಲೂ ಆರಾಮಾಗಿ ಹೋಗುತ್ತೆ. ಎನ್‌ವಿಎಂಇ ಮಾತ್ರ ತಗೋಬೇಡಿ, ಪಟ್ಟಿ ಥರ ಇರುತ್ತಲ್ಲ ಅದು. ಈ ಕಾಲದ ಬೋರ್ಡುಗಳಲ್ಲಿ ಅದಕ್ಕೆ ಜಾಗ ಇಲ್ಲ, ಕಾರ್ಡ್ ಹಾಕಿ ಸಿಕ್ಕಿಸಿದ್ರೂ ಬಯೋಸ್, ಅಂದ್ರೆ ವಿಂಡೋಸಿಗೂ ಮುಂಚೆ ಬೋರ್ಡಿನಲ್ಲೇ ಓಡೋ ಪ್ರೋಗ್ರಾಂ, ಅದರಿಂದ ಬೂಟ್ ಮಾಡಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು.

ಆದ್ರೆ ತಡೀರಿ, ಡಿಸ್ಕು ಸ್ಲೋ ಇರೋದು ಬೇರೆ, ಸಾಯ್ತಾ ಇರೋದು ಬೇರೆ. ಡಿಸ್ಕಿನಲ್ಲಿ ಒಂದು ಜಾಗ ಹಾಳಾದಾಗ ಡ್ರೈವು ತಕ್ಷಣ ಕೈಚೆಲ್ಲಲ್ಲ, ಅದೇ ಜಾಗನ ಮತ್ತೆ ಮತ್ತೆ ಓದೋಕೆ ನೋಡುತ್ತೆ, ಆ ಹೊತ್ತಿನಲ್ಲಿ ಇಡೀ ಸಿಸ್ಟಮ್ಮು ಫೋಟೋ ಥರ ನಿಂತುಬಿಡುತ್ತೆ, ಮೌಸ್ ಮಾತ್ರ ಓಡಾಡ್ತಿರುತ್ತೆ, ಅರ್ಧ ನಿಮಿಷದ ಮೇಲೆ ನೀವು ಒತ್ತಿದ್ದೆಲ್ಲಾ ಒಟ್ಟಿಗೆ ಓಪನ್ ಆಗುತ್ತೆ. ಟಾಸ್ಕ್ ಮ್ಯಾನೇಜರಿನಲ್ಲಿ ಆವರೇಜ್ ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡು ತೋರಿಸ್ತಿದ್ರೆ ಇದೇ ಇರಬಹುದು ಅಂತ ಅನುಮಾನ ಪಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ, ನೀಲಿ ಬಂದ್ರೆ ಗುಡ್, ಹಳದಿ ಬಂದ್ರೆ ಹುಷಾರು. ಬಣ್ಣ ಒಂದನ್ನೇ ನಂಬ್ಕೊಂಡು ಕೂರ್ಬೇಡಿ, ಪಟ್ಟಿಯಲ್ಲಿ 05 ಅನ್ನೋ ಸಾಲು, ಸಿ5, ಸಿ6 ಇವು ಮೂರರ ಕೊನೇ ಕಾಲಂ ನೋಡಿ. 05 ಅಂದ್ರೆ ಹಾಳಾಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು, ಸಿ5 ಅಂದ್ರೆ ಓದೋಕೆ ಆಗ್ತಿಲ್ಲ, ಇನ್ನೂ ತೀರ್ಮಾನ ಆಗಿಲ್ಲ ಅನ್ನೋವು, ಸಿ6 ಅಂದ್ರೆ ಸರಿ ಮಾಡೋಕೇ ಆಗದೇ ಹೋದವು. ಸೊನ್ನೆ ಇದ್ರೆ ಸರಿ. ಸಿ5ರಲ್ಲಿ ನಂಬರ್ ಬಂದಿದ್ರೆ ಬೇರೆ ಯಾವ ರಿಪೇರಿಗೂ ಕೈಹಾಕ್ಬೇಡಿ, ಡೀಫ್ರಾಗ್ ಬೇಡ, ಚೆಕ್‌ಡಿಸ್ಕ್ ಬೇಡ, ಮೊದಲು ಬೇಕಾಗಿರೋ ಫೈಲುಗಳನ್ನ ಹೊರಗೆ ಕಾಪಿ ಮಾಡ್ಕೊಳ್ಳಿ, ಅತಿ ಮುಖ್ಯವಾದ್ದು ಮೊದಲು, ಸಿನಿಮಾಗಳು ಕೊನೆಗೆ.

ಅದೇ ಪಟ್ಟಿಯಲ್ಲಿ ಸಿ7 ಅಂತ ಒಂದಿದೆ, ಸಿಆರ್‌ಸಿ ಎರರ್ ಕೌಂಟ್. ಅದು ಒಂದೇ ಏರ್ತಾ ಇದ್ದು ಮಿಕ್ಕಿದ್ದೆಲ್ಲಾ ಸೊನ್ನೆ ಇದ್ರೆ ಡಿಸ್ಕಿನ ತಪ್ಪೇ ಅಲ್ಲ, ಬೋರ್ಡಿಂದ ಡಿಸ್ಕಿಗೆ ಹೋಗೋ ಸಾಟಾ ಕೇಬಲ್ಲು ಲೂಸ್ ಆಗಿದೆ ಇಲ್ಲಾ ಹಾಳಾಗಿದೆ. ಹೊಸ ಕೇಬಲ್ ಹಾಕಿದ್ರೆ ಮುಗೀತು. ಈ ಕೌಂಟು ಕೇಬಲ್ ಬದಲಾಯಿಸಿದ್ರೂ ಕೆಳಗಿಳಿಯಲ್ಲ, ಮುಂದಕ್ಕೆ ಏರೋದು ನಿಲ್ಲುತ್ತೆ ಅಷ್ಟೇ, ಅದನ್ನ ನೋಡಿ ಗಾಬರಿ ಬೀಳ್ಬೇಡಿ.

ಇನ್ನು ರ‍್ಯಾಮ್. ಇದು ಡಿಸ್ಕಿನ ವೇಷ ಹಾಕ್ಕೊಂಡು ಬರುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. 4 ಜಿಬಿಯಲ್ಲಿ ಸುಮಾರು ಅರ್ಧ ವಿಂಡೋಸೇ ತಿಂದಿರುತ್ತೆ, ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲದಿದ್ರೆ ಡಿಸ್‌ಪ್ಲೇಗೂ ಇದರಲ್ಲೇ ಪಾಲು, ಮಿಕ್ಕಿದ್ರಲ್ಲಿ ಕ್ರೋಮ್‌ನ ಹತ್ತು ಟ್ಯಾಬ್. ಸಾಲದೇ ಬಂದಾಗ ವಿಂಡೋಸ್ ರ‍್ಯಾಮಿನಲ್ಲಿ ಇದ್ದಿದ್ದನ್ನ ಡಿಸ್ಕಿನ ಪೇಜ್ ಫೈಲಿಗೆ ತಳ್ಳಿ, ಬೇಕಾದಾಗ ಮತ್ತೆ ಅಲ್ಲಿಂದ ಎಳ್ಕೊಳ್ಳುತ್ತೆ. ಆಗ ತೋರೋದು ಡಿಸ್ಕ್ 100 ಪರ್ಸೆಂಟ್ ಅಂತ, ಕಾರಣ ಮಾತ್ರ ರ‍್ಯಾಮು. ಕಂಡುಹಿಡಿಯೋದು ಹೇಗೆ ಅಂದ್ರೆ ಮೆಮೊರಿ ಪೇಜಿನಲ್ಲಿ ಕಮಿಟೆಡ್ ಅಂತ ಎರಡು ನಂಬರ್ ಇರುತ್ತೆ, ಮೊದಲನೇದು ನಿಮ್ಮಲ್ಲಿರೋ ರ‍್ಯಾಮಿಗಿಂತ ಸುಮಾರು ಜಾಸ್ತಿ ಹೋಗಿದ್ರೆ ರ‍್ಯಾಮ್ ಸಾಲ್ತಿಲ್ಲ ಅನ್ನೋದಕ್ಕೆ ಒಳ್ಳೇ ಸುಳಿವು. ರಿಸೋರ್ಸ್ ಮಾನಿಟರ್ ಓಪನ್ ಮಾಡಿದ್ರೆ ಮೆಮೊರಿ ಟ್ಯಾಬಿನಲ್ಲಿ ಹಾರ್ಡ್ ಫಾಲ್ಟ್ಸ್ ಅಂತ ಗ್ರಾಫ್ ಇದೆ, ಟ್ಯಾಬ್ ಬದಲಾಯಿಸಿದಾಗೆಲ್ಲಾ ಅದು ಜಿಗೀತಾ ಇದ್ರೆ ಅನುಮಾನನೇ ಬೇಡ.

8 ಜಿಬಿ ಮಾಡ್ಕೊಳ್ಳಿ, ಆದ್ರೆ ಕೊಳ್ಳೋ ಮುಂಚೆ ಎರಡು ಮೂರು ವಿಷ್ಯ. ವಿಂಡೋಸ್ 32 ಬಿಟ್ಟಾ 64 ಬಿಟ್ಟಾ ನೋಡಿ, ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಇರುತ್ತೆ. 32 ಬಿಟ್ಟಿದ್ರೆ 8 ಅಲ್ಲ 16 ಹಾಕಿದ್ರೂ ಅದು ಉಪಯೋಗಿಸೋದು ಮೂರು ಚಿಲ್ಲರೆ ಜಿಬಿ ಮಾತ್ರ, 64 ಬಿಟ್ ವಿಂಡೋಸ್ ಹೊಸದಾಗೇ ಹಾಕ್ಬೇಕು. ಆಗ ಫಾರ್ಮ್ಯಾಟ್ ಮಾಡೋಕೆ ನ್ಯಾಯವಾದ ಕಾರಣ ಸಿಕ್ತು ಅನ್ನಿ. ಎಚ್61 ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟು, 16 ಜಿಬಿವರೆಗೆ ಹೋಗುತ್ತೆ. ಮಾರ್ಕೆಟ್ಟಿನಲ್ಲಿ ಸಿಕ್ಕಾಪಟ್ಟೆ ಅಗ್ಗಕ್ಕೆ 8 ಜಿಬಿ ಡಿಡಿಆರ್3 ಸ್ಟಿಕ್ಕು ಕಂಡ್ರೆ ಎಎಂಡಿ ಬೋರ್ಡಿಗೆ ಮಾತ್ರ ಅನ್ನೋ ಮಾಲಾ ಅಂತ ಕೇಳಿ, ಇಂಟೆಲ್ ಬೋರ್ಡಿನಲ್ಲಿ ಅದು ಡಿಸ್‌ಪ್ಲೇನೇ ಕೊಡಲ್ಲ. ಎರಡೂ ಸ್ಲಾಟಿನಲ್ಲಿ 4 ಮತ್ತು 4 ಹಾಕಿದ್ರೆ ಎರಡನ್ನೂ ಒಟ್ಟಿಗೆ ಬಳಸೋ ಡ್ಯುಯಲ್ ಚಾನೆಲ್ ಸಿಗುತ್ತೆ, ಒಳಗಿನ ಗ್ರಾಫಿಕ್ಸಿಗೆ ಅದರಿಂದ ಅನುಕೂಲ. ಹಾಕಿದ ಮೇಲೆ ಬೀಪ್ ಬೀಪ್ ಅಂತ ಕೂಗಿದ್ರೆ ಹೆದರ್ಬೇಡಿ, ತೆಗೆದು ಗೋಲ್ಡನ್ ಕಾಂಟ್ಯಾಕ್ಟನ್ನ ಮೆತ್ತಗಿನ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿ.

ಎಸ್‌ಎಸ್‌ಡಿ ಹಾಕೋದಕ್ಕೆ ವಾಪಸ್ ಬರೋಣ, ಯಾಕಂದ್ರೆ ಇಲ್ಲೊಂದು ಕಡೆ ಬಹಳ ಜನ ಎಡವ್ತಾರೆ. ಹಳೇ ಬೋರ್ಡುಗಳ ಬಯೋಸಿನಲ್ಲಿ ಸಾಟಾ ಮೋಡ್ ಅಂತ ಇರುತ್ತೆ, ಬಹಳ ಕಡೆ ಅದು ಐಡಿಇ ಅಂತ ಇರುತ್ತೆ. ಎಸ್‌ಎಸ್‌ಡಿಗೆ ಎಎಚ್‌ಸಿಐ ಇರಬೇಕು, ಆಗಲೇ ಒಟ್ಟಿಗೆ ಹತ್ತಾರು ರಿಕ್ವೆಸ್ಟ್ ತಗೊಳ್ಳೋ ಶಕ್ತಿ ಅದಕ್ಕೆ ಬರೋದು. ಹೊಸದಾಗಿ ವಿಂಡೋಸ್ ಹಾಕೋದಾದ್ರೆ ಮೊದಲೇ ಬದಲಾಯಿಸಿಬಿಡಿ. ಹಳೇ ಡಿಸ್ಕನ್ನ ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ರೆ ಮಾತ್ರ ಸುಮ್ನೆ ಬಯೋಸಿಗೆ ಹೋಗಿ ಮೋಡ್ ಬದಲಾಯಿಸಿದ್ರೆ ಬ್ಲೂ ಸ್ಕ್ರೀನ್ ಗ್ಯಾರಂಟಿ. ಅದಕ್ಕೊಂದು ದಾರಿ ಇದೆ, ರನ್ ಬಾಕ್ಸಿನಲ್ಲಿ ಎಂಎಸ್‌ಕಾನ್ಫಿಗ್ ಕೊಟ್ಟು ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುವಾಗಲೇ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡಿನಲ್ಲಿ ಒಂದು ಸಲ ಓಪನ್ ಆಗೋಕೆ ಬಿಡಿ, ವಿಂಡೋಸ್ ತನಗೆ ಬೇಕಾದ ಡ್ರೈವರ್ ತಾನೇ ಹಾಕ್ಕೊಳ್ಳುತ್ತೆ, ಆಮೇಲೆ ಆ ಟಿಕ್ ತೆಗೆದು ರೀಸ್ಟಾರ್ಟ್. ಕ್ಲೋನ್ ಮಾಡೋಕೆ ಕ್ಲೋನ್‌ಜಿಲ್ಲಾ ಫ್ರೀ ಇದೆ, ನೋಡೋಕೆ ಸ್ವಲ್ಪ ಒರಟು. ಮೇಲೆ ಹೇಳಿದ ಸಿ5 ಬಂದಿರೋ ಡಿಸ್ಕನ್ನ ಕ್ಲೋನ್ ಮಾಡೋಕೆ ಹೋಗ್ಬೇಡಿ, ಫೈಲ್ ಕಾಪಿ ಮಾಡ್ಕೊಂಡು ವಿಂಡೋಸ್ ಹೊಸದಾಗಿ ಹಾಕಿ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದಿದೆ, ಬೋರ್ಡಿನ ಮೇಲಿರೋ ನಾಣ್ಯದಂಥ ಸೆಲ್ಲು, ಸಿಆರ್2032. ಹತ್ತು ವರ್ಷದ ಬೋರ್ಡಿನಲ್ಲಿ ಅದು ಸತ್ತಿರೋದು ಸಹಜ. ನಮ್ಮಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆಫ್ ಮಾಡ್ತಾರೆ, ಕರೆಂಟು ಬೇರೆ ಹೋಗ್ತಿರುತ್ತೆ, ಸೆಲ್ ಸತ್ತಿದ್ರೆ ಬೆಳಿಗ್ಗೆ ಡೇಟು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಡೇಟ್ ತಪ್ಪಿದ್ರೆ ವೆಬ್‌ಸೈಟುಗಳ ಸರ್ಟಿಫಿಕೇಟ್ ಹೊಂದಲ್ಲ, ಬ್ಯಾಂಕು, ಸರ್ಕಾರಿ ಪೋರ್ಟಲ್ಲು, ಜಿಮೇಲು ಯಾವುದೂ ಓಪನ್ ಆಗದೇ ಸೇಫ್ ಅಲ್ಲ ಅಂತ ಎಚ್ಚರಿಕೆ ಬರುತ್ತೆ, ಜನ ನೆಟ್ ಸರಿಯಿಲ್ಲ ಅಂತ ಫೈಬರ್‌ನವರಿಗೆ ಫೋನ್ ಮೇಲೆ ಫೋನ್ ಮಾಡ್ತಾರೆ. ಅದಕ್ಕಿಂತ ಕೆಟ್ಟದ್ದು, ಸೆಲ್ ಹೋದಾಗ ಬಯೋಸ್ ಸೆಟಿಂಗ್ ಕೂಡ ಮೊದಲಿನಂತಾಗುತ್ತೆ, ನೀವು ಕಷ್ಟಪಟ್ಟು ಮಾಡಿದ್ದ ಎಎಚ್‌ಸಿಐ ಮತ್ತೆ ಐಡಿಇ ಆಗಿ, ನಿನ್ನೆ ಚೆನ್ನಾಗಿದ್ದ ಸಿಸ್ಟಮ್ಮು ಇವತ್ತು ಬ್ಲೂ ಸ್ಕ್ರೀನ್ ಕೊಡುತ್ತೆ, ಎಸ್‌ಎಸ್‌ಡಿ ಹೋಯ್ತು ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗ್ತಾರೆ. ಎಸ್‌ಎಸ್‌ಡಿ ಹಾಕೋ ದಿನವೇ ಸೆಲ್ಲೂ ಬದಲಾಯಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತೆ. ಬಯೋಸ್ ಪೇಜುಗಳನ್ನ ಮೊಬೈಲಿನಲ್ಲಿ ಫೋಟೋ ಹೊಡ್ಕೊಂಡಿಟ್ಕೊಳ್ಳಿ.

ಡಿಸ್ಕು ಮೆಮೊರಿ ಎರಡೂ ಆರಾಮಾಗಿದ್ದು ಸಿಪಿಯು ಮಾತ್ರ 100ಕ್ಕೆ ಏರಿ ನಿಂತಿದ್ರೆ ಎರಡು ದಾರಿ. ಪ್ರೋಸೆಸಸ್ ಟ್ಯಾಬಿನಲ್ಲಿ ಯಾವುದು ತಿಂತಿದೆ ನೋಡಿ, ಡಿಫೆಂಡರ್ರೋ ಅಪ್‌ಡೇಟೋ ಆಗಿದ್ರೆ ಅರ್ಧ ಗಂಟೆ ಬಿಟ್ರೆ ತಾನೇ ಇಳಿಯುತ್ತೆ, ಕಾಯೋಕೆ ಆಗಲ್ಲ ಅಂತ ದಿನಾ ಮಧ್ಯದಲ್ಲಿ ಸ್ವಿಚ್ ಆಫ್ ಮಾಡೋರ ಸಿಸ್ಟಮ್ಮಿನಲ್ಲಿ ಅದು ಯಾವತ್ತೂ ಮುಗಿಯೋದೇ ಇಲ್ಲ. ಒಂದು ಸಂಜೆ ಆನ್ ಮಾಡಿಟ್ಟು ಊಟಕ್ಕೆ ಹೋಗಿ. ಯೂಟ್ಯೂಬ್ ಹಾಕಿದಾಗ ಮಾತ್ರ ಏರುತ್ತೆ ಅಂದ್ರೆ ಅದರ ಕಥೆ ಬೇರೆ, ಯೂಟ್ಯೂಬ್ ಈಗ ವಿಡಿಯೋ ಕಳಿಸೋದು ಹೆಚ್ಚಾಗಿ ವಿಪಿ9, ಎವಿ1 ಅನ್ನೋ ಹೊಸ ಫಾರ್ಮ್ಯಾಟುಗಳಲ್ಲಿ, 2011ರ ಗ್ರಾಫಿಕ್ಸಿಗೆ ಗೊತ್ತಿರೋದು ಎಚ್.264ನಂಥ ಹಳೇ ಫಾರ್ಮ್ಯಾಟುಗಳು ಮಾತ್ರ. ಗೊತ್ತಿಲ್ಲದ್ದನ್ನೆಲ್ಲಾ ಪ್ರೊಸೆಸರ್ರೇ ಬಿಡಿಸ್ಬೇಕು, ಐ3 ಪಾಪ ಒದ್ದಾಡುತ್ತೆ. ಎಚ್264ಐಫೈ ಅಂತ ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಇದೆ, ಹಾಕಿದ್ರೆ ಹಳೇ ಫಾರ್ಮ್ಯಾಟಿನಲ್ಲೇ ಕಳಿಸು ಅಂತ ಕೇಳುತ್ತೆ. ಹಾಕಿದ ಮೇಲೆ ಅದೇ ವಿಡಿಯೋ ಓಡಿಸಿ ಸಿಪಿಯು ಗ್ರಾಫ್ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಇನ್ನೊಂದು ದಾರಿ ಬಿಸಿ. ಸಿಪಿಯು ಪೇಜಿನಲ್ಲಿ ಬೇಸ್ ಸ್ಪೀಡ್ 3.3 ಗಿಗಾಹರ್ಟ್ಸ್ ಅಂತ ಇದ್ದು, ಪೂರ್ತಿ ಲೋಡ್ ಇರುವಾಗಲೂ ನಡೀತಿರೋ ಸ್ಪೀಡ್ ಅದಕ್ಕಿಂತ ತುಂಬಾ ಕೆಳಗೆ ಬಿದ್ದಿದ್ರೆ ಪ್ರೊಸೆಸರ್ ಬಿಸಿ ತಡೀಲಾರದೆ ತನ್ನನ್ನ ತಾನೇ ನಿಧಾನ ಮಾಡ್ಕೊಳ್ತಿದೆ ಅಂತ. ಸುಮ್ನೆ ಕೂತಾಗ 1.6ಕ್ಕೆ ಇಳಿಯೋದು ಸಹಜ, ಅದು ಕರೆಂಟ್ ಉಳಿಸೋಕೆ. ಎಚ್‌ಡಬ್ಲ್ಯೂಮಾನಿಟರ್ ಅನ್ನೋ ಸಾಫ್ಟ್‌ವೇರ್ ಹಾಕಿ ಟೆಂಪರೇಚರ್ ನೋಡಿ, ಕೆಲಸ ಮಾಡುವಾಗ 60–75 ಡಿಗ್ರಿ ಇದ್ರೆ ಚಿಂತೆ ಇಲ್ಲ, 90 ದಾಟ್ತಿದ್ರೆ ಕ್ಯಾಬಿನೆಟ್ ತೆಗೀಲೇಬೇಕು. ತೆಗೆದ್ರೆ ಕಾಣೋದು ಏನು ಅಂತ ಹೇಳ್ಬೇಕಾಗಿಲ್ಲ, ಫ್ಯಾನಿನ ಕೆಳಗೆ ಹೀಟ್‌ಸಿಂಕಿನ ಸಂದಿಗಳಲ್ಲಿ ಬೂದುಬಣ್ಣದ ಕಂಬಳಿ ಥರ ಧೂಳು ಕೂತಿರುತ್ತೆ, ಫ್ಯಾನ್ ಜೋರಾಗೇ ಸುತ್ತುತ್ತಿರುತ್ತೆ, ಗಾಳಿ ಮಾತ್ರ ಕೆಳಗಿಳೀತಿರಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಒಳಗುಳಿದ ಕರೆಂಟ್ ಬಿಟ್ಟು, ಹೊರಗಡೆ ತಗೊಂಡು ಹೋಗಿ ಪೇಂಟ್ ಬ್ರಷ್ಷು, ಬ್ಲೋವರ್ ಹಿಡಿದು ಕ್ಲೀನ್ ಮಾಡಿ, ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಂಡಿರಿ. ಆಮೇಲೆ ಹೀಟ್‌ಸಿಂಕಿನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್ನುಗಳನ್ನ ಒಂದೊಂದಾಗಿ ಮುಟ್ಟಿ ನೋಡಿ, ಇಂಟೆಲ್ ಜೊತೆ ಬರೋ ಕೂಲರಿನಲ್ಲಿ ಒಂದು ಪಿನ್ನು ಎದ್ದಿರೋದು ಸರ್ವೇಸಾಮಾನ್ಯ, ಒಂದು ಎದ್ರೂ ಸಿಂಕು ಓರೆಯಾಗಿ ಪ್ರೊಸೆಸರಿಗೆ ಸರಿಯಾಗಿ ಕೂತಿರಲ್ಲ. ಸಿಂಕ್ ಬಿಚ್ಚಿದ್ರೆ ಮಧ್ಯದ ಪೇಸ್ಟು ಒಣಗಿ ಸುಣ್ಣದ ಥರ ಆಗಿರುತ್ತೆ, ಅದನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿ ಹೊಸ ಪೇಸ್ಟ್ ಒಂದು ಬಟಾಣಿಯಷ್ಟು ಮಧ್ಯದಲ್ಲಿ ಇಟ್ಟು ಸಿಂಕ್ ಕೂರಿಸಿ. ಜಾಸ್ತಿ ಹಾಕಿದ್ರೆ ಜಾಸ್ತಿ ತಣ್ಣಗಾಗಲ್ಲ. ಬೋರ್ಡಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿನಷ್ಟು ಕೂತಿರಬಹುದು.

ಸಾಫ್ಟ್‌ವೇರ್ ಕಡೆ ಬಹಳ ಹೇಳೋಕಿಲ್ಲ. ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದು ಡಿಸೇಬಲ್ ಮಾಡಿ, ಎರಡು ಆಂಟಿವೈರಸ್ ಇದ್ರೆ ಒಂದು ತೆಗೀರಿ, ಸಿ ಡ್ರೈವಿನಲ್ಲಿ ಹತ್ತು ಹದಿನೈದು ಪರ್ಸೆಂಟ್ ಆದ್ರೂ ಖಾಲಿ ಬಿಡಿ. ಪಿಸಿ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅಂತ ಬರೋವು ಎಲ್ಲಾ ಕಸ, ಸ್ಪೀಡ್ ಮಾಡ್ತೀನಿ ಅಂತ ಬಂದು ತಾವೇ ಸ್ಟಾರ್ಟಪ್ಪಿನಲ್ಲಿ ಕೂತ್ಕೋತಾವೆ. ಸುಮ್ನಿದ್ದಾಗ ಫ್ಯಾನ್ ಜೋರಾಗಿ ಕೂಗಿ, ಟಾಸ್ಕ್ ಮ್ಯಾನೇಜರ್ ಓಪನ್ ಮಾಡಿದ ತಕ್ಷಣ ಸೈಲೆಂಟ್ ಆಗ್ತಿದ್ರೆ ಯಾರದೋ ಕ್ರಿಪ್ಟೋ ಮೈನರ್, ಅಂದ್ರೆ ಬಿಟ್‌ಕಾಯಿನ್ ಥರದ ಕಾಸು ಗಿಟ್ಟಿಸೋ ಕಳ್ಳ ಪ್ರೋಗ್ರಾಂ, ನಿಮ್ಮ ಕರೆಂಟಿನಲ್ಲಿ ದುಡೀತಿರಬಹುದು, ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದ ಸಿಸ್ಟಮ್ಮುಗಳಲ್ಲಿ ಇದು ಹೊಸದೇನಲ್ಲ. ಅಂಥದ್ದಕ್ಕೆ ಫಾರ್ಮ್ಯಾಟೇ ಮದ್ದು.

ಇಷ್ಟೆಲ್ಲಾ ನೋಡಿಯೂ ತೀರ್ಮಾನ ಆಗದಿದ್ರೆ ನನಗೆ ಇಷ್ಟವಾದ ಒಂದು ಪರೀಕ್ಷೆ ಇದೆ. ವಿಂಡೋಸ್ ಬದಲು ಓಡಿಸಬಹುದಾದ ಫ್ರೀ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಅನ್ನ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡ್ಬೇಡಿ, ಟ್ರೈ ಮಾತ್ರ. ಪೆನ್‌ಡ್ರೈವಿಂದ ಓಪನ್ ಆಗೋಕೆ ಟೈಮ್ ತಗೊಳ್ಳುತ್ತೆ, ಓಪನ್ ಆದ ಮೇಲೆ ಬ್ರೌಸರ್ರು, ಫೋಲ್ಡರ್ರು ಸರಾಗ ಓಡಿದ್ರೆ ಬೋರ್ಡು, ಪ್ರೊಸೆಸರ್ರು, ರ‍್ಯಾಮು ಮೂರೂ ಚೆನ್ನಾಗಿವೆ, ತಪ್ಪು ಡಿಸ್ಕಿನದ್ದು ಇಲ್ಲಾ ವಿಂಡೋಸಿನದ್ದು. ಅಲ್ಲೂ ಹ್ಯಾಂಗ್ ಆಗಿ, ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ರ‍್ಯಾಮ್ ಟೆಸ್ಟ್ ಮಾಡಿ, ಬೋರ್ಡಿನ ಮೇಲೆ ಕೆಪಾಸಿಟರ್‌ಗಳ ತಲೆ ಉಬ್ಬಿದ್ಯಾ ನೋಡಿ, ಎಸ್‌ಎಂಪಿಎಸ್ ಬೇರೆ ಹಾಕಿ ನೋಡಿ. ಬೋರ್ಡೇ ಹೋಗಿದ್ರೆ ಅದರ ಮೇಲೆ ದುಡ್ಡು ಸುರೀಬೇಡಿ.

ದುಡ್ಡಿನ ಮಾತು ಬಂತಲ್ಲ, ಯಾವುದಕ್ಕೆ ಖರ್ಚು ಮಾಡೋದು ಲಾಯಕ್ಕು ಅಂತ ನೇರವಾಗಿ ಹೇಳ್ತೀನಿ. ಎರಡನೇ ಜನರೇಶನ್ ಐ3 ಇಂದ ಮೇಲೆ ಇದ್ರೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಧೈರ್ಯವಾಗಿ ಹಾಕ್ಸಿ, ಟ್ಯಾಲಿ, ಎಕ್ಸೆಲ್, ಬ್ರೌಸಿಂಗ್, ನುಡಿಯಲ್ಲಿ ಟೈಪಿಂಗ್ ಇಷ್ಟಕ್ಕೆ ಇನ್ನೂ ವರ್ಷಗಟ್ಟಲೆ ಬರುತ್ತೆ. ಅದಕ್ಕೂ ಹಿಂದಿನ ಕೋರ್ 2 ಡ್ಯುಯೋ, ಜಿ31 ಬೋರ್ಡು ಆಗಿದ್ರೆ ರ‍್ಯಾಮ್ ಡಿಡಿಆರ್2, 4 ಜಿಬಿ ಮೇಲೆ ಹೋಗಲ್ಲ, ಅದಕ್ಕೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿ ಕಂಪನಿಗಳಿಂದ ಹೊರಬಂದ ರಿಫರ್ಬಿಶ್ಡ್ ಡೆಸ್ಕ್‌ಟಾಪ್ ನೋಡಿ, ಎಂಟನೇ ಜನರೇಶನ್ ಇಲ್ಲಾ ಅದಕ್ಕಿಂತ ಹೊಸದು ಸಿಕ್ರೆ ಬಿಡ್ಬೇಡಿ. ಎಂಟು ಅಂತ ಯಾಕೆ ಅಂದ್ರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹಾಕಿರೋ ಗೆರೆ ಸರಿಸುಮಾರು ಅದೇ, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪಿನ ಸೌಲಭ್ಯ ಬೇಕು. ವಿಂಡೋಸ್ 10ಕ್ಕೆ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟು 2026ರ ಅಕ್ಟೋಬರ್‌ವರೆಗೆ ಕೊಡ್ತೀವಿ ಅಂದಿದ್ದಾರೆ. ಹಳೇ ಸಿಸ್ಟಮ್ಮಿಗೆ ಒತ್ತಾಯದಿಂದ 11 ಹಾಕಿಕೊಡೋರು ಇದ್ದಾರೆ, ಹಾಕೋಕೆ ಬರುತ್ತೆ, ಆದ್ರೆ ಮುಂದಿನ ಅಪ್‌ಡೇಟ್ ಬರುತ್ತೋ ಇಲ್ವೋ ಅಂತ ಯಾರೂ ಹೊಣೆ ಹೊರಲ್ಲ, ಕೋರ್ 2 ಕಾಲದ್ದಂತೂ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಬೂಟೇ ಆಗಲ್ಲ. 7ರಲ್ಲೇ ಉಳ್ಕೊಂಡಿರೋರಿಗೆ ಕ್ರೋಮ್ 109ಕ್ಕೇ ನಿಂತುಹೋಗಿದೆ. ಬ್ಯಾಂಕ್ ಕೆಲಸ ಅದರಲ್ಲಿ ಮಾಡೋದು ಬೇಡ.

ಬರೀ ಬ್ರೌಸಿಂಗು, ಯೂಟ್ಯೂಬು, ಮಕ್ಕಳ ಪ್ರಾಜೆಕ್ಟು ಇಷ್ಟೇ ಆಗಿದ್ರೆ ಅದೇ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಬಿಡಿ, ಕನ್ನಡ ಟೈಪಿಂಗಿಗೆ ಇನ್‌ಸ್ಕ್ರಿಪ್ಟೂ ಇದೆ, ನುಡಿಯಲ್ಲಿ ಬೆರಳಿಗೆ ಅಭ್ಯಾಸ ಆಗಿರೋ ಕೆಪಿ ರಾವ್ ಲೇಔಟೂ ಇದೆ. ಡಿಟಿಪಿಯವರಿಗೆ, ಟ್ಯಾಲಿಯವರಿಗೆ ಇದು ಆಗಲ್ಲ, ಅವರ ಸಾಫ್ಟ್‌ವೇರ್‌ಗಳೆಲ್ಲಾ ವಿಂಡೋಸಿನದ್ದೇ.

ಎಸ್‌ಎಸ್‌ಡಿ ಹಾಕಿದ ಮೇಲೆ ಹಳೇ ಹಾರ್ಡ್ ಡಿಸ್ಕ್ ಏನ್ಮಾಡೋದು ಅಂತ ಕೇಳ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆ ಮೂರು ಸಾಲು ಸೊನ್ನೆ ಇದ್ರೆ ಅದೇ ಕ್ಯಾಬಿನೆಟ್ಟಿನಲ್ಲಿ ಡಿ ಡ್ರೈವ್ ಆಗಿರಲಿ, ಫೋಟೋ, ಸಿನಿಮಾ, ಬ್ಯಾಕಪ್ಪಿಗೆ ಅದು ಧಾರಾಳವಾಗಿ ಸಾಕು, ಮೂಟೆ ಎತ್ತೋದ್ರಲ್ಲಿ ಅದಕ್ಕೇನೂ ಸುಸ್ತಿಲ್ಲ. ಗುಜರಿಗೋ ಸೆಕೆಂಡ್ ಹ್ಯಾಂಡಿಗೋ ಕೊಡೋದಾದ್ರೆ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡ್ಬೇಡಿ, ಅದು ಫೈಲುಗಳ ಪಟ್ಟಿ ಅಳಿಸುತ್ತೆ ಅಷ್ಟೇ, ಆಧಾರ್ ಸ್ಕ್ಯಾನು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಒಳಗೇ ಇರುತ್ತೆ, ಫ್ರೀ ರಿಕವರಿ ಸಾಫ್ಟ್‌ವೇರಿಗೇ ಸಿಗುತ್ತೆ. ಕ್ವಿಕ್ ಅನ್ನೋ ಟಿಕ್ ತೆಗೆದು ಎಲ್ಲಾ ಪಾರ್ಟಿಶನ್ನೂ ಫುಲ್ ಫಾರ್ಮ್ಯಾಟ್ ಕೊಡಿ, ಆಗ ವಿಂಡೋಸ್ ಪೂರ್ತಿ ಸೊನ್ನೆ ಬರೆಯುತ್ತೆ. 500 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿಟ್ಟು ಮಲಗಿ.